ಬಹುವಚನ ಯಾರ ಪಾಲಿಗೆ?

ಚಿಕ್ಕಬಳ್ಳಾಪುರ ಸೀಮೆಯ ಮಂಡಿಕಲ್ ಸುತ್ತಮುತ್ತ ಅನೇಕ ಮನೆಗಳಲ್ಲಿ ಮಗುವಿನ ಮೊದಲ ಮಾತು ತೆಲುಗು. ಶಾಲೆಗೆ ಹೋದರೆ ಕನ್ನಡ. ಪಕ್ಕದ ಮನೆಯ ಉರ್ದುವೂ ಕಿವಿಗೆ ಬಿದ್ದಿರುತ್ತದೆ. ನೀನು–ನೀವು, ನುವ್ವು–ಮೀರು, ತೂ–ತುಮ್–ಆಪ್ ಇವನ್ನೆಲ್ಲ ಪುಟ್ಟ ಮಗು ವ್ಯಾಕರಣದ ಹಂಗಿಲ್ಲದೆ ಸಂಭಾಳಿಸುತ್ತದೆ. ಆದರೂ ‘ಈಗಿನ ಮಕ್ಕಳಿಗೆ ದೊಡ್ಡೋರನ್ನ ಮಾತಾಡ್ಸೋಕೇ ಬರಲ್ಲ’ ಎಂಬ ದೂರು ನಿಂತಿಲ್ಲ.

ದೂರಿನಲ್ಲಿ ಅರ್ಧ ಬರೀ ಗೊಣಗಾಟ. ನಮ್ಮ ಕಡೆ ಅಮ್ಮನಿಗೆ ‘ಬಾ’ ಎನ್ನುವುದು ಸಲಿಗೆ. ಮಾತುಮಾತಿಗೂ ‘ರೀ’ ಹಚ್ಚುವ ಧಾರವಾಡದವರಿಗೆ ಅದು ಒರಟೆನಿಸಬಹುದು. ಸ್ವೀಡನ್ನಿನವರಂತೂ 1960ರ ದಶಕದ ಕೊನೆಗೆ ಗೌರವದ ಸಂಬೋಧನೆಗಳನ್ನೇ ಬಿಟ್ಟು ಬಹುತೇಕ ಎಲ್ಲರಿಗೂ ಏಕವಚನ ಬಳಸತೊಡಗಿದರು.

ತೊಡಕಿರುವುದು ಬೇರೆಡೆ. ಹೂವಿನ ತೋಟಕ್ಕೆ ಕೂಲಿಗೆ ಬಂದ ಅರವತ್ತರ ಹಿರಿಯನಿಗೆ ಯಜಮಾನ ‘ಬಾರೋ’ ಎನ್ನುತ್ತಾನೆ. ಅದೇ ಗಳಿಗೆಯಲ್ಲಿ ಬ್ಯಾಂಕಿನಿಂದ ಬಂದ ಇಪ್ಪತ್ತೈದರ ಹುಡುಗನಿಗೆ ‘ಬನ್ನಿ ಸಾರ್, ಕೂತ್ಕೊಳಿ’. ಪಕ್ಕದಲ್ಲಿ ನಿಂತ ಮಗುವಿಗೆ ಎರಡೂ ಕೇಳಿಸುತ್ತವೆ. ವಯಸ್ಸಿಗೆ ಮರ್ಯಾದೆ ಎಂದು ಹೇಳಿಕೊಟ್ಟ ಪಾಠ ಅಲ್ಲೇ ಸುಳ್ಳಾಯಿತು. ಜಾತಿ, ಜಮೀನು, ಕೆಲಸ ನೋಡಿ ಬಹುವಚನ ಅಳೆದುಕೊಡುವುದನ್ನು ಅದು ಕಲಿತಾಯಿತು.

‘ಅಕ್ಕ, ತಾತ ಅಂತ ಸಂಬಂಧ ಹಚ್ಚಿ ಕರೀತಾರಲ್ಲ, ಸಾಲದೇ?’ ಎನ್ನಬಹುದು. ಬಿಸಿಯೂಟದ ಅಡುಗೆಯವರನ್ನು ಮಕ್ಕಳು ‘ಅಕ್ಕ’ ಎನ್ನುವುದು ಚೆಂದವೇ. ಬೆನ್ನಿಗೇ ಬರುವ ಕ್ರಿಯಾಪದ ಗಮನಿಸಿ: ‘ಅಕ್ಕ, ಸಾರು ಹಾಕು.’ ಅದೇ ಮಾತು ಮೇಡಂಗಾದರೆ ‘ಹಾಕಿ’. ಗುಟ್ಟು ಹೊರಬೀಳುವುದು ಅಲ್ಲಿ. ಕಾರಣ ಬೇಕಿದ್ದರೆ, ಮೇಷ್ಟ್ರು ಆ ಅಡುಗೆಯಾಕೆಯನ್ನು ಹೇಗೆ ಕೂಗುತ್ತಾರೋ ಕೇಳಿಸಿಕೊಂಡರಾಯಿತು. ದೊಡ್ಡವರೇ ಈ ಪಾಠ ಕಲಿಯಬೇಕಾದ ಸ್ಥಿತಿ ನಮ್ಮೊಬ್ಬರದಲ್ಲ. ಜನರನ್ನು ‘ಎಡಾ’, ‘ಎಡಿ’, ‘ನೀ’ ಎಂದು ಕರೆಯಕೂಡದೆಂದು 2021ರಲ್ಲಿ ಕೇರಳ ಹೈಕೋರ್ಟ್ ಪೊಲೀಸರಿಗೆ ಹೇಳಬೇಕಾಯಿತು.

ಹಾಗಾದರೆ ಮಕ್ಕಳಿಗೆ ಕಲಿಸುವುದು ಹೇಗೆ? ನೆಂಟರೆದುರು ‘ಬನ್ನಿ ಅನ್ನೋ’ ಎಂದು ಗದರಿದರೆ ಮಗು ಬಾಯಿ ಮುಚ್ಚಿಕೊಳ್ಳುತ್ತದೆ. ಅದು ‘ಎಲ್ಲಿಗೆ ಹೋಗ್ತೀಯ?’ ಎಂದಾಗ ನಾವೇ ‘ಎಲ್ಲಿಗೆ ಹೊರಟ್ರಿ ತಾತ?’ ಎಂದು ಕೇಳಿ ಮಾತು ಮುಂದುವರಿಸುವುದು ಮೇಲು. ಮನೆಯೊಳಗಿನ ಸಲಿಗೆ ಆಯಾ ಮನೆಯವರಿಗೆ ಬಿಟ್ಟದ್ದು. ಹೊಸ್ತಿಲಾಚೆಯ ದೊಡ್ಡವರಿಗೆ ಮಾತ್ರ, ಕೈಯಲ್ಲಿ ಪೊರಕೆಯಿರಲಿ ಫೈಲಿರಲಿ, ‘ನೀವು’.

ಕೂಲಿಗೆ ಬರುವ ಹಿರಿಯರೇ ‘ನಂಗ್ಯಾಕಪ್ಪ ಬನ್ನಿ ಹೋಗಿ ಎಲ್ಲಾ’ ಎಂದು ಮುಜುಗರಪಡುವುದುಂಟು. ಆಗ ಮಗು ನಮ್ಮ ಮುಖ ನೋಡುತ್ತದೆ. ಅವರು ಬೇಡವೆಂದರೂ ಹಾಗೇ ಮಾತಾಡಿಸು ಎಂದು ಹೇಳಿಬಿಡಬೇಕು.