ವೈದ್ಯರ ಲೆಕ್ಕ: ಅಂಜನಾಪುರದ ಮಹಾಜನರಲ್ಲಿ ವಿಜ್ಞಾಪನೆ

2021ರ ಮೇ ತಿಂಗಳಿನಲ್ಲಿ, ಕೋವಿಡ್ಡಿನ ಎರಡನೆಯ ಅಲೆಯು ಬೆಂಗಳೂರಿನ ಬೀದಿಬೀದಿಯನ್ನೂ ಹೊಕ್ಕಿದ್ದ ದಿನಗಳಲ್ಲಿ, ನಮ್ಮ ಅಂಜನಾಪುರದ ಕ್ಲಿನಿಕ್ಕೊಂದರ ಎಳೆದ ಶಟರಿನ ಮೇಲೆ 'ಡಾಕ್ಟರಿಗೆ ಹುಷಾರಿಲ್ಲ' ಎಂಬ ಕೈಬರಹದ ಚೀಟಿ ಅಂಟಿತ್ತು. ಅದರ ಕೆಳಗೆ ಮೆಟ್ಟಿಲಿನ ಮೇಲೆ ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿಕೊಂಡು ಕುಳಿತಿದ್ದ ವೃದ್ಧೆಯನ್ನೂ, ಯಾರಿಗೆ ಫೋನು ಮಾಡುವುದೆಂದು ತೋಚದೆ ನಿಂತಿದ್ದ ಅವರ ಮಗನನ್ನೂ ಕಂಡವರಲ್ಲಿ ನಾನೂ ಒಬ್ಬನು. ಆ ವೈದ್ಯರನ್ನು ದೂರುವುದು ಧರ್ಮವಲ್ಲ, ಅವರೂ ರೋಗಗ್ರಸ್ತರಾಗಿದ್ದರು. ಅವರ ಬದಲಿಗೆ ಇನ್ನಾರೆಂಬುದನ್ನು ಹೇಳಬಲ್ಲವರು ನಮಗೆ ದೊರೆಯದೆ ಹೋದುದೇ ಇಂದಿಗೂ ಆರದ ಸಂಕಟ.

ವೈದ್ಯರನ್ನು ಎಣಿಸುವುದು ಹೊಸ ಕಾರ್ಯವೇನಲ್ಲ. 1946ರಲ್ಲಿ, ದೇಶದ ಆರೋಗ್ಯ ವ್ಯವಸ್ಥೆಯನ್ನು ಪರಿಶೀಲಿಸಿದ ಭೋರ್ ಸಮಿತಿಯು ಸುಮಾರು 6,300 ಜನರಿಗೆ ಒಬ್ಬ ವೈದ್ಯನೆಂದು ಲೆಕ್ಕ ಕೊಟ್ಟಿತ್ತು. 2022ರ ಜೂನ್ ವೇಳೆಗೆ ದೇಶದಲ್ಲಿ ನೋಂದಣಿಯಾಗಿದ್ದ 13,08,009 ಅಲೋಪತಿ ವೈದ್ಯರಲ್ಲಿ ನೂರಕ್ಕೆ 80 ಮಂದಿ ಲಭ್ಯರೆಂದು ಭಾವಿಸಿ, ಜೊತೆಗೆ 5.65 ಲಕ್ಷ ಆಯುಷ್ ವೈದ್ಯರನ್ನೂ ಕೂಡಿಸಿ, 834 ಜನರಿಗೆ ಒಬ್ಬರಿದ್ದಾರೆಂದು ಕೇಂದ್ರ ಸರ್ಕಾರವು ಸಂಸತ್ತಿಗೆ ತಿಳಿಸಿತು. 'ಭಾವಿಸಿ' ಎಂಬ ಆ ಪದದ ಬಳಿ ಮಹಾಜನರು ಕ್ಷಣಕಾಲ ನಿಲ್ಲಬೇಕು. ಪರದೇಶಕ್ಕೆ ತೆರಳಿದವರೆಷ್ಟು, ವೃತ್ತಿಯನ್ನು ತೊರೆದವರೆಷ್ಟು, ಕಾಲವಾದವರೆಷ್ಟು ಎಂಬುದನ್ನು ವಿಚಾರಿಸಿ ತಿಳಿಯುವ ಬದಲು ಊಹಿಸಿದ ಸಂಖ್ಯೆಯು ಸಾಮಾನ್ಯ ದಿನಗಳಿಗೆ ಸಾಲಬಹುದು; ಸಾಂಕ್ರಾಮಿಕದ ನಡುರಾತ್ರಿಗೆ ಸಾಲದು.

ಬೆಳಿಗ್ಗೆ ಜಯನಗರದಲ್ಲಿ, ಮಧ್ಯಾಹ್ನ ಕೋಣನಕುಂಟೆಯಲ್ಲಿ, ಸಂಜೆ 6ರಿಂದ 9ರವರೆಗೆ ನಮ್ಮಲ್ಲಿ, ಹೀಗೆ ಮೂರು ಬೋರ್ಡುಗಳ ಮೇಲೆ ಹೆಸರಿರುವ ಒಬ್ಬರು ಮೂವರಾಗಲಾರರು. ಆದುದರಿಂದ ಎಣಿಸಬೇಕಾದುದು ಗಂಟೆಗಳನ್ನು. ತುರ್ತು ಚಿಕಿತ್ಸೆಯ ಒಂದು ಕುರ್ಚಿ ಹಗಲಿರುಳು ಬರಿದಾಗದಿರಬೇಕಾದರೆ ವಾರಕ್ಕೆ 168 ಗಂಟೆ ಬೇಕು. ಒಬ್ಬರು 48 ಗಂಟೆ ದುಡಿದರೂ ಮೂರೂವರೆ ಮಂದಿ, ರಜೆಯನ್ನು ಸೇರಿಸಿದರೆ ನಾಲ್ವರು. ಆ ನಾಲ್ವರಲ್ಲಿ ಒಬ್ಬರು ಜ್ವರದಿಂದ ಮಲಗಿದರೆ ಐದನೆಯವರು ಎಲ್ಲಿಂದ ಬರುವರೆಂಬುದೂ ಆ ಲೆಕ್ಕದಲ್ಲಿಯೇ ಇರಬೇಕು. ವೆಂಟಿಲೇಟರನ್ನು ನಡೆಸಬಲ್ಲವರಾರೆಂಬುದನ್ನು ಬೇರೆಯಾಗಿಯೇ ಬರೆದಿಡಬೇಕು, ಏಕೆಂದರೆ ಚರ್ಮರೋಗದ ತಜ್ಞರಿಗೆ ಆ ಹೊಣೆಯನ್ನು ಹಠಾತ್ತನೆ ಹೊರಿಸುವುದು ಅವರಿಗೂ ರೋಗಿಗೂ ಅನ್ಯಾಯ.

1898ರ ಪ್ಲೇಗಿನಿಂದ ಪಾಠ ಕಲಿತು ಬಸವನಗುಡಿ, ಮಲ್ಲೇಶ್ವರಗಳಲ್ಲಿ ಗಾಳಿ ಬೆಳಕುಗಳಿಗೆ ಎಡೆಯಿರುವ ಬೀದಿಗಳನ್ನು ಅಳೆದು ಹಾಕಿದ ನಗರಕ್ಕೆ ಈ ಎಣಿಕೆ ಅಸಾಧ್ಯವಲ್ಲ. ಖಾಸಗಿ ಕ್ಲಿನಿಕ್ಕುಗಳು 2007ರ ಕಾಯಿದೆಯಂತೆ ನೋಂದಣಿಯಾಗಲೇಬೇಕಾದುದರಿಂದ ಕಾಗದದ ಅರ್ಧ ಕೆಲಸ ಮುಗಿದಿದೆ. 2025ರಲ್ಲಿ ಬೆಂಗಳೂರು ಐದು ನಗರ ಪಾಲಿಕೆಗಳಾಗಿ, ವಾರ್ಡುಗಳ ಗಡಿಯೂ ಬದಲಾಗಿರುವ ಈ ಹೊತ್ತಿನಲ್ಲಿಯೇ ವಾರ್ಡಿಗೊಂದು ವೈದ್ಯಗಣನೆ ನಡೆದು, ಅದರ ಪಟ್ಟಿಯು ವರ್ಷಕ್ಕೊಮ್ಮೆ ತಿದ್ದಲ್ಪಟ್ಟು, ವಾರ್ಡ್ ಕಚೇರಿಯ ಗೋಡೆಯ ಮೇಲೆ ಎಲ್ಲರಿಗೂ ಕಾಣುವಂತೆ ತೂಗಬೇಕೆಂಬುದೇ ನಮ್ಮ ಬೇಡಿಕೆ.

ಈ ಪತ್ರದ ಹಿಂಬದಿಯನ್ನು ಬರಿದಾಗಿಯೇ ಬಿಟ್ಟಿದ್ದೇವೆ. ನಿಮ್ಮ ಬೀದಿಯ ಕ್ಲಿನಿಕ್ಕಿನ ಬೋರ್ಡಿನ ಮೇಲಿರುವ ವೇಳೆಯನ್ನೂ, ಆ ವೇಳೆಯ ಹೊರಗೆ ನೀವು ಯಾರ ಬಳಿಗೆ ಹೋಗುವಿರೆಂಬುದನ್ನೂ ಅಲ್ಲಿ ಬರೆದು, ವಾರ್ಡ್ ಸಮಿತಿಯ ಮುಂದಿನ ಸಭೆಗೆ ದಯಮಾಡಿ ತನ್ನಿರಿ.