ಗಂಡಸರೂ ರಕ್ತ ಪರೀಕ್ಷೆಗೆ ಬರಲಿ

ನಮ್ಮ ಸೀಮೆಯಲ್ಲಿ ಹೆಂಗಸು ಬಸುರಿಯಾದೊಡನೆ ತಾಯಿ ಕಾರ್ಡು ಮಾಡಿಸಿ, ರಕ್ತ ತೆಗೆದು, ಎಚ್‌ಐವಿ ಇದೆಯೇ ಎಂದೂ ನೋಡುತ್ತಾರೆ. ಇದು ಆಗಲೇಬೇಕಾದ ಕೆಲಸ. ಮಗುವಿಗೆ ಸೋಂಕು ತಗುಲದಂತೆ ತಡೆಯಲು ಔಷಧವುಂಟು. ಆದರೆ ಆ ಮಗುವಿನ ತಂದೆಯ ರಕ್ತವನ್ನು ನೋಡುವವರು ಯಾರು? ಅವನು ಬಸುರಿಯಾಗುವುದಿಲ್ಲ, ಹಾಸಿಗೆ ಹಿಡಿಯುವವರೆಗೆ ಆಸ್ಪತ್ರೆಯ ಮೆಟ್ಟಿಲು ಹತ್ತುವುದೂ ಅಪರೂಪ. ಹೀಗಾಗಿ ಎಷ್ಟೋ ಮನೆಗಳಲ್ಲಿ ಸೋಂಕು ಮೊದಲು ಗೊತ್ತಾಗುವುದು ಹೆಂಡತಿಯ ಹೆಸರಿನಲ್ಲಿ. ಮೊದಲು ಗೊತ್ತಾದವಳೇ ತಂದವಳೆಂದು ಅತ್ತೆಮನೆ ತೀರ್ಪು ಕೊಡುತ್ತದೆ. ಅವಳು ಕೂಸನ್ನು ಎತ್ತಿಕೊಂಡು ತವರಿನ ದಾರಿ ಹಿಡಿಯುತ್ತಾಳೆ. ಗಂಡನಿಗೆ ಪರೀಕ್ಷೆಯೂ ಇಲ್ಲ, ವಿಚಾರಣೆಯೂ ಇಲ್ಲ. ಇದನ್ನು ಬರಿಯ ವೈದ್ಯರ ವಿಷಯವೆಂದು ನಾವು ಬಿಡಲಾರೆವು.

ಪ್ರಚಾರಕ್ಕೇನು ಕೊರತೆಯಾಗಿತ್ತೇ? 1986ರಲ್ಲಿ ಮದ್ರಾಸಿನಲ್ಲಿ ಈ ಸೋಂಕು ದೇಶದಲ್ಲಿ ಮೊದಲಿಗೆ ಪತ್ತೆಯಾದ ಮೇಲೆ ಬಹುಕಾಲ ಗೋಡೆಗೋಡೆಗೂ ತಲೆಬುರುಡೆ ಬರೆದು ಜನರನ್ನು ಹೆದರಿಸಲಾಯಿತು. ಹೆದರಿದವನು ಪರೀಕ್ಷೆಗೆ ಬರುತ್ತಾನೆಯೇ? ಗೊತ್ತಾಗದಿರುವುದೇ ವಾಸಿ ಎಂದು ದೂರ ಸರಿಯುತ್ತಾನೆ. 2004ರಿಂದ ಸರ್ಕಾರ ಔಷಧವನ್ನು ಪುಕ್ಕಟೆ ಕೊಡುತ್ತಿದೆ. 2017ರಿಂದ ಸೋಂಕು ಕಂಡವರೆಲ್ಲರಿಗೂ ಕಾಯಿಲೆ ಬಲಿಯುವುದಕ್ಕೆ ಕಾಯದೆ ಕೊಡುತ್ತಿದೆ. ದಿನವೂ ತಪ್ಪದೆ ಗುಳಿಗೆ ನುಂಗಿ ವೈರಾಣು ಕಾಣದಷ್ಟು ಅಡಗಿದರೆ, ದೇಹಸಂಬಂಧದಿಂದ ಇನ್ನೊಬ್ಬರಿಗೆ ಅದು ಅಂಟುವುದೇ ಇಲ್ಲ. ಈ ಶುಭವಾರ್ತೆಯನ್ನು ತಲೆಬುರುಡೆಯಷ್ಟು ದೊಡ್ಡದಾಗಿ ಯಾವ ಗೋಡೆಯ ಮೇಲೂ ನಾವು ಕಂಡಿಲ್ಲ.

ಗಂಡಸರನ್ನು ಮಾತಿಗೆಳೆಯುವುದು ಅಸಾಧ್ಯವೇನಲ್ಲ. 1968ರಲ್ಲಿ ಸರ್ಕಾರ ನಿರೋಧನ್ನು ಮಾರಲು ಹೊರಟಾಗ ಚಹಾ, ಸೋಪು, ಸಿಗರೇಟಿನ ಕಂಪನಿಗಳ ಸರಬರಾಜು ಜಾಲವನ್ನೇ ಹಿಡಿಯಿತು. ಮೂರಕ್ಕೆ ಹದಿನೈದು ಪೈಸೆಯಂತೆ ಅದು ಅಂಗಡಿ ಸೇರಿತು. 2002ರ ಕೊನೆಯಲ್ಲಿ ಮುಂಬಯಿಯ ಬೀದಿಗಳಲ್ಲಿ ಬಲಬೀರ್ ಪಾಶಾ ಎಂಬ ಕಲ್ಪಿತ ಗಂಡಸಿಗೆ ಏಡ್ಸ್ ಬಂದೀತೇ ಎಂದು ಕೇಳುವ ಫಲಕಗಳು ಎದ್ದವು. ಚಹಾದಂಗಡಿಗಳಲ್ಲಿ ಅವನದೇ ಮಾತಾಯಿತು. ಲೈಂಗಿಕ ವೃತ್ತಿಯ ಹೆಂಗಸಿನತ್ತ ಅದು ಬೆರಳು ತೋರಿಸುತ್ತದೆಂದು ಮಹಿಳಾ ಸಂಘಟನೆಗಳು ಆಕ್ಷೇಪಿಸಿದವು. ಆ ಆಕ್ಷೇಪಣೆ ನ್ಯಾಯವಾದದ್ದೇ. ಆದರೂ ಗಂಡಸಿನ ನಡತೆಯನ್ನು ಗಂಡಸರ ಮುಂದೆಯೇ ಇಟ್ಟ ಧೈರ್ಯವನ್ನು ಮೆಚ್ಚಬೇಕು.

ನಮ್ಮ ಕಡೆ ಗಂಡಸರು ಗುಂಪುಗೂಡುವ ಜಾಗ ಯಾವುವೆಂದು ಎಲ್ಲರಿಗೂ ಗೊತ್ತು. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಯ ಹೊಗೆಸೊಪ್ಪಿನ ಹರಾಜು ಮಾರುಕಟ್ಟೆಗಳು, ಲಾರಿ ನಿಲ್ದಾಣಗಳು, ಕೊಡಗಿನ ತೋಟಗಳಿಗೆ ಕೂಲಿಯವರು ಜೀಪು ಹತ್ತುವ ವೃತ್ತಗಳು. ಅಲ್ಲಿ ಧ್ವನಿವರ್ಧಕ ಕೂಗಲಿ. ಮೈಸೂರು ಆಕಾಶವಾಣಿ ರೈತರಿಗೆ ಗೊಬ್ಬರದ ಮಾತು ಹೇಳುವ ಹೊತ್ತಿನಲ್ಲೇ ಈ ಮಾತನ್ನೂ ನಮ್ಮ ಸೀಮೆಯ ಭಾಷೆಯಲ್ಲಿ ಹೇಳಲಿ. ಬೆಂಗಳೂರಿನ ಜಾಹೀರಾತುದಾರನ ಕನ್ನಡ ನಮ್ಮ ಒಕ್ಕಲುಮಕ್ಕಳ ಕಿವಿಗೆ ಹತ್ತದು.

ಬಲವಂತ ಮಾತ್ರ ಕೂಡದು. ತುರ್ತುಪರಿಸ್ಥಿತಿಯಲ್ಲಿ ಗಂಡಸರನ್ನು ಹಿಡಿದೆಳೆದು ಶಸ್ತ್ರಚಿಕಿತ್ಸೆ ಮಾಡಿಸಿದ್ದರಿಂದ ಕುಟುಂಬ ಯೋಜನೆಗೇ ಕೆಟ್ಟ ಹೆಸರು ಬಂತು. ಆ ಭಾರವನ್ನು ಇಂದಿಗೂ ಹೆಂಗಸರೇ ಹೊರುತ್ತಿದ್ದಾರೆ. 2017ರ ಕಾನೂನು, 2018ರಿಂದ ಜಾರಿಯಲ್ಲಿರುವುದು, ಪರೀಕ್ಷೆಗೆ ಒಪ್ಪಿಗೆ ಬೇಕೆನ್ನುತ್ತದೆ, ಗುಟ್ಟು ಕಾಯಬೇಕೆನ್ನುತ್ತದೆ, ಸೋಂಕಿನ ನೆಪದಿಂದ ಕೆಲಸದಲ್ಲಿ ಭೇದ ಮಾಡಬಾರದೆನ್ನುತ್ತದೆ. ಹೆಸರು ಊರಿಗೆಲ್ಲ ಗೊತ್ತಾದೀತೆಂಬ ಅಂಜಿಕೆಯೇ ಗಂಡಸರನ್ನು ತಡೆಯುತ್ತಿರುವಾಗ, ಪ್ರಚಾರ ಮೊದಲು ಹೇಳಬೇಕಾದದ್ದು ಈ ಕಾನೂನನ್ನೇ. 1097ಕ್ಕೆ ಪುಕ್ಕಟೆ ಫೋನು ಮಾಡಿ, ಹೆಸರು ಹೇಳದೆ ವಿಚಾರಿಸಬಹುದೆಂಬುದನ್ನೂ ಹೇಳಬೇಕು.

ಕೊನೆಗೆ ದುಡಿಮೆಯ ಪ್ರಶ್ನೆ. ಆಸ್ಪತ್ರೆ ರಕ್ತ ತೆಗೆಯುವ ವೇಳೆಯೂ ಕೂಲಿಯವನು ಗದ್ದೆಗಿಳಿದಿರುವ ವೇಳೆಯೂ ಒಂದೇ. ಪರೀಕ್ಷೆ ಪುಕ್ಕಟೆಯಾದರೂ ಅವನಿಗೆ ಒಂದು ದಿನದ ಕೂಲಿ ಖೋತಾ. ಆದ್ದರಿಂದ ಸಂಕ್ರಾಂತಿಯ ಹೊತ್ತಿಗೆ ಚುಂಚನಕಟ್ಟೆಯಲ್ಲಿ ಸೇರುವ ದನಗಳ ಜಾತ್ರೆಯಲ್ಲಿ ಜಿಲ್ಲಾ ಆರೋಗ್ಯಾಧಿಕಾರಿಗಳು ಒಂದು ಡೇರೆ ಹಾಕಿಸಬೇಕೆಂದು ನಾವು ಆಗ್ರಹಪಡಿಸುತ್ತೇವೆ. ಅದು ರಾತ್ರಿ ಎಂಟರವರೆಗೆ ತೆರೆದಿರಲಿ. ಗುಟ್ಟಾಗಿ ಮಾತನಾಡಲು ಒಳಗೊಂದು ಪರದೆ ಇರಲಿ. ಸಕ್ಕರೆ ಕಾಯಿಲೆ, ರಕ್ತದೊತ್ತಡಗಳನ್ನೂ ಅಲ್ಲೇ ನೋಡಲಿ. ಆಗ ಒಳಗೆ ಹೋದವನು ಯಾವುದಕ್ಕೆ ಹೋದನೆಂದು ಹೊರಗೆ ನಿಂತವನಿಗೆ ತಿಳಿಯದು.