ಮಧ್ಯದಲ್ಲಿಲ್ಲದ ಮಧ್ಯಮ

ತಾಳವಾಡಿ ಬೆಟ್ಟಸೀಮೆಯ ಒಂದು ಊರಿನ ವಿಳಾಸವನ್ನು ಗಮನಿಸಬಹುದು. ವರನಟ ಡಾ. ರಾಜ್‌ಕುಮಾರ್ ಅವರ ಪೂರ್ವಿಕರ ಮನೆಯಿರುವ ದೊಡ್ಡಗಾಜನೂರು, 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ನೆರೆಯ ಕೊಳ್ಳೇಗಾಲವು ಮೈಸೂರಿಗೆ ಸೇರಿದಾಗಲೂ ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿಯೇ ಉಳಿಯಿತು. 1979ರಲ್ಲಿ ಆ ಜಿಲ್ಲೆ ಒಡೆದು ಪೆರಿಯಾರ್ ಜಿಲ್ಲೆ ಹುಟ್ಟಿತು. ಮುಂದೆ ಅದರ ಹೆಸರು ಈರೋಡು ಎಂದಾಯಿತು. 2016ರಲ್ಲಿ ಸತ್ಯಮಂಗಲ ತಾಲ್ಲೂಕಿನಿಂದ ಬೇರ್ಪಟ್ಟು ತಾಳವಾಡಿಯೇ ಒಂದು ತಾಲ್ಲೂಕಾಯಿತು. ಮೇಲಿನ ಹಂತಗಳು ಇಷ್ಟು ಸಲ ಬದಲಾದರೂ ಊರು ಊರಾಗಿಯೇ ಉಳಿದಿದೆ. ವಿಳಾಸವನ್ನು ಮನೆಯಿಂದ ತೊಡಗಿ ಊರು, ತಾಲ್ಲೂಕು, ಜಿಲ್ಲೆ ಎಂದು ಮೇಲಕ್ಕೆ ಬರೆದುಕೊಂಡು ಹೋಗುವ ರೂಢಿಯಲ್ಲಿ ಒಂದು ವಿವೇಕವಿದೆ. ಅಲುಗದ ತುದಿಯಿಂದಲೇ ಎಣಿಕೆ ಆರಂಭವಾಗಬೇಕೆಂಬುದೇ ಆ ವಿವೇಕ.

ಗಣಕಯಂತ್ರದೊಳಗೂ ವಿಳಾಸಗಳಿವೆ. ಓಡುತ್ತಿರುವ ಪ್ರತಿಯೊಂದು ಪ್ರೋಗ್ರಾಮಿಗೂ ಸ್ಮೃತಿಯೆಲ್ಲವೂ ತನ್ನದೇ ಎಂಬ ಭಾವನೆ ಬರುವಂತೆ ಕಾರ್ಯಾಚರಣ ವ್ಯವಸ್ಥೆಯು ಏರ್ಪಾಡು ಮಾಡುತ್ತದೆ. ಪ್ರೋಗ್ರಾಮು ಕೇಳುವ ಕಲ್ಪಿತ ವಿಳಾಸವನ್ನು ನಿಜವಾದ ಸ್ಥಳಕ್ಕೆ ಹೊಂದಿಸಿಕೊಡುವ ಪಟ್ಟಿಗೆ ಪುಟಕೋಷ್ಟಕವೆಂದು ಹೆಸರು. ಸ್ಮೃತಿಯನ್ನು 4096 ಬೈಟುಗಳ ಪುಟಗಳನ್ನಾಗಿ ವಿಂಗಡಿಸಿರುವುದರಿಂದ ಈ ಹೆಸರು ಬಂದಿದೆ. ಇಂದಿನ ಸಾಮಾನ್ಯ ಯಂತ್ರದಲ್ಲಿ 48 ಬಿಟ್‌ಗಳ ವಿಳಾಸಕ್ಕೆ ಒಂದೇ ಉದ್ದನೆಯ ಪಟ್ಟಿಯನ್ನು ಬರೆದರೆ, ಆ ಪಟ್ಟಿಗೇ ಪ್ರತಿ ಪ್ರೋಗ್ರಾಮಿಗೆ 512 ಗಿಗಾಬೈಟ್ ಬೇಕಾದೀತು. ಆದಕಾರಣ ಪಟ್ಟಿಯನ್ನು ಹಂತಹಂತವಾಗಿ ಒಡೆಯುತ್ತಾರೆ. ಜಿಲ್ಲೆಯ ಪುಸ್ತಕವು ತಾಲ್ಲೂಕಿನ ಪುಸ್ತಕವನ್ನೂ, ತಾಲ್ಲೂಕಿನದು ಊರಿನ ಪುಸ್ತಕವನ್ನೂ ತೋರಿಸುವಂತೆ, ಮೇಲಿನ ಕೋಷ್ಟಕವು ಕೆಳಗಿನದನ್ನು ತೋರಿಸುತ್ತದೆ. ಒಂದೊಂದು ಕೋಷ್ಟಕದಲ್ಲಿಯೂ 512 ಸಾಲುಗಳಿರುತ್ತವೆ. ಜನವಸತಿಯಿಲ್ಲದ ಕಡೆಗೆ ಪುಸ್ತಕವನ್ನೇ ತೆರೆಯಬೇಕಿಲ್ಲ.

ಈ ಹಂತಗಳಿಗೆ ಲಿನಕ್ಸ್ ಕರ್ನಲ್ ಇಟ್ಟ ಹೆಸರುಗಳ ಕಥೆ ಕನ್ನಡದ ವಿದ್ಯಾರ್ಥಿಗೆ ಪರಕೀಯವೆನಿಸದು. ಮೊದಲಿಗೆ ಅಲ್ಲಿದ್ದುದು ಮೂರು ಹಂತಗಳು. ತುದಿಯಲ್ಲಿ ಪೇಜ್ ಗ್ಲೋಬಲ್ ಡೈರೆಕ್ಟರಿ, ನಡುವೆ ಪೇಜ್ ಮಿಡಲ್ ಡೈರೆಕ್ಟರಿ, ಅಡಿಯಲ್ಲಿ ಪುಟವನ್ನು ನೇರವಾಗಿ ತೋರಿಸುವ ಕೋಷ್ಟಕ. ‘ಮಿಡಲ್’ ಎಂಬುದು ಆಗ ನಿಜವಾಗಿಯೂ ಮಧ್ಯದಲ್ಲಿತ್ತು. 2005ರ 2.6.11 ಆವೃತ್ತಿಯಲ್ಲಿ ನಾಲ್ಕನೆಯ ಹಂತ ಸೇರಿತು. ಹೊಸ ಹಂತವನ್ನು ಎಲ್ಲಕ್ಕಿಂತ ಮೇಲಿಡಬೇಕೆಂಬ ಸಲಹೆಯೊಂದು ಮೊದಲು ಬಂದಿದ್ದರೂ, ಕೊನೆಗೆ ಅದನ್ನು ಗ್ಲೋಬಲ್ ಮತ್ತು ಮಿಡಲ್‌ಗಳ ನಡುವೆ ಸೇರಿಸಿ ‘ಅಪ್ಪರ್’ ಎಂದು ಕರೆದರು. 2017ರಲ್ಲಿ ಐದನೆಯದೂ ಬಂದಿತು. ಅಷ್ಟು ಹೊತ್ತಿಗೆ ವಿಶೇಷಣಗಳೇ ಮುಗಿದುಹೋಗಿದ್ದವು. ಆದ್ದರಿಂದ ಗ್ಲೋಬಲ್‌ನ ಕೆಳಗೆ ಕುಳಿತ ಹೊಸ ಹಂತಕ್ಕೆ ‘ಪಿ4ಡಿ’ ಎಂದು ಸಂಖ್ಯೆಯನ್ನೇ ಇಟ್ಟರು. ಈಗ ಐದು ಹಂತಗಳ ನಟ್ಟನಡುವೆ ಇರುವುದು ‘ಮೇಲಿನ’ ಎಂಬ ಹೆಸರಿನದು; ‘ಮಧ್ಯದ’ ಎಂಬುದು ಅದಕ್ಕೂ ಕೆಳಗೆ ಜಾರಿದೆ.

ಹಾಗಾದರೆ ಹೆಸರುಗಳನ್ನು ಬಿಟ್ಟು ಸಂಖ್ಯೆಗಳನ್ನೇ ಇಟ್ಟರೆ ತೊಡಕು ತೀರುವುದೇ? ಅಷ್ಟು ಸುಲಭವಾಗಿ ತೀರುವುದಿಲ್ಲ. ಬಣ್ಣಾರಿಯಿಂದ ದಿಂಬಂಗೆ ಏರುವ ಘಾಟಿಯಲ್ಲಿ 27 ಹೇರ್‌ಪಿನ್ ತಿರುವುಗಳಿವೆ. ಕೆಳಗಿನಿಂದ ಏರುವವನ ಐದನೆಯ ತಿರುವು, ತಾಳವಾಡಿಯ ಕಡೆಯಿಂದ ಇಳಿಯುವವನಿಗೆ 23ನೆಯದು. ಎಲ್ಲಿಂದ ಎಣಿಸಬೇಕೆಂಬುದನ್ನು ಮೊದಲು ಒಪ್ಪಿಕೊಳ್ಳದಿದ್ದರೆ ಸಂಖ್ಯೆಯೂ ದಾರಿ ತಪ್ಪಿಸುತ್ತದೆ. ಇಂಟೆಲ್ ಸಂಸ್ಥೆಯ ಕೈಪಿಡಿಗಳು ಕೋಷ್ಟಕಗಳನ್ನು ಅಡಿಯಿಂದ ಎಣಿಸುತ್ತವೆ. ಅಲ್ಲಿ ಐದನೆಯ ಹಂತ ಬಂದಾಗ ನಾಲ್ಕರ ಮುಂದೆ ಐದು ಎಂದರೆ ಸಾಕಾಯಿತು. ಆರ್ಮ್ ವಿನ್ಯಾಸವಾದರೋ ಮೇಲಿನಿಂದ ಸೊನ್ನೆ, ಒಂದು, ಎರಡು, ಮೂರು ಎಂದು ಎಣಿಸುತ್ತದೆ. ವಿಳಾಸವು 52 ಬಿಟ್‌ಗಳಿಗೆ ಬೆಳೆದು ಸೊನ್ನೆಗೂ ಮೇಲೊಂದು ಹಂತ ಬೇಕಾದಾಗ, ಅದಕ್ಕೆ ಮೈನಸ್ ಒಂದು ಎಂಬ ಸಂಖ್ಯೆಯನ್ನು ಕೊಡಬೇಕಾಯಿತು. ಬೆಳೆಯುವ ತುದಿಯಿಂದ ಎಣಿಸಿದುದರ ಫಲವಿದು.

ಕನ್ನಡ ವ್ಯಾಕರಣವೂ ಈ ಎರಡು ಇಕ್ಕಟ್ಟುಗಳನ್ನು ಅನುಭವಿಸಿದೆ. ‘ಅವನು’ ಎಂಬುದು ಸಂಸ್ಕೃತದ ದಾರಿ ಹಿಡಿದ ವ್ಯಾಕರಣಕ್ಕೆ ಪ್ರಥಮ ಪುರುಷ. ಇಂಗ್ಲಿಷಿನ ವ್ಯಾಕರಣದಲ್ಲಿ ಮೊದಲನೆಯ ಸ್ಥಾನ ‘ನಾನು’ ಎಂಬುದಕ್ಕೆ. ಎರಡೂ ಕಡೆ ಅಲುಗದೆ ನಿಂತಿರುವುದು ‘ನೀನು’ ಎಂಬ ಮಧ್ಯಮವೊಂದೇ. ಪುರುಷಗಳು ಮೂರಕ್ಕೆ ನಿಂತಿರುವವರೆಗೆ ಮಾತ್ರ ಅದು ಮಧ್ಯಮ.

ವಿಭಕ್ತಿಗಳದು ಇನ್ನೂ ಗಂಭೀರವಾದ ಪ್ರಸಂಗ. ‘ಕೊಡಲಿಯಿಂದ ಕಡಿದನು’, ‘ಮರದಿಂದ ಬಿದ್ದನು’ ಎಂಬ ಎರಡೂ ಕಡೆ ಕನ್ನಡದ ಪ್ರತ್ಯಯ ‘ಇಂದ’ ಎಂಬುದೇ. ಆದರೂ ಹದಿಮೂರನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಪಂಚಮಿಗೆ ‘ಅತ್ತಣಿಂ’ ಎಂಬುದನ್ನು ಹೇಳಿದನು. ಹೊಸಗನ್ನಡದ ಶಾಲಾ ವ್ಯಾಕರಣಗಳು ‘ದೆಸೆಯಿಂದ’ ಎಂಬುದನ್ನು ಆ ಸ್ಥಾನದಲ್ಲಿ ಕೂರಿಸಿದವು. ಕನ್ನಡಕ್ಕೆ ಪ್ರತ್ಯೇಕ ಪಂಚಮಿಯಿಲ್ಲವೆಂದು ಅನೇಕ ವಿದ್ವಾಂಸರು ವಾದಿಸಿದ್ದಾರೆ. ಆದರೆ ಹೆಸರೇ ಸಂಖ್ಯೆಯಾಗಿರುವುದರಿಂದ ಅದನ್ನು ಕಿತ್ತುಹಾಕುವುದು ಕಷ್ಟ: ಐದನೆಯದು ಹೋದರೆ ‘ಷಷ್ಠೀ’ ಎನಿಸಿಕೊಂಡದ್ದು ಐದನೆಯ ಸ್ಥಾನಕ್ಕೆ ಬಂದು ಕೂರುತ್ತದೆ. ಕರ್ನಲಿನಲ್ಲಿಯೂ ಇಂಥ ಖಾಲಿ ಪೀಠಗಳಿವೆ. ನಾಲ್ಕೇ ಹಂತಗಳಿರುವ ಯಂತ್ರದಲ್ಲಿ ‘ಪಿ4ಡಿ’ಯನ್ನು ಮಡಿಸಿಟ್ಟಿರುತ್ತಾರೆ, ಹೆಸರು ಇರುತ್ತದೆ, ಕೋಷ್ಟಕ ಇರುವುದಿಲ್ಲ. ಎಲ್ಲ ಯಂತ್ರಗಳಿಗೂ ಒಂದೇ ಬರವಣಿಗೆ ಸಲ್ಲಲೆಂಬ ಉದ್ದೇಶ ಅದಕ್ಕಿದೆ. ಅಲ್ಲಿ ಅದು ಖಾಲಿಯೆಂಬುದನ್ನು ಯಾರೂ ಮರೆಮಾಚುವುದಿಲ್ಲ. ಪಂಚಮಿಯ ವಿಷಯದಲ್ಲಿ ಆ ಪ್ರಾಮಾಣಿಕತೆ ಶಾಲಾ ಪುಸ್ತಕಗಳಲ್ಲಿ ಕಾಣುವುದು ಅಪರೂಪ.

ಇವೆಲ್ಲವೂ ಯಂತ್ರಜ್ಞರ ತಲೆನೋವು, ಐಚ್ಛಿಕ ಕನ್ನಡದ ವಿದ್ಯಾರ್ಥಿಗೆ ಇದರಿಂದೇನು ಎಂದು ಕೇಳುವವರಿದ್ದಾರೆ. ಸಾವಿರಾರು ಕಡೆ ಬಳಕೆಯಾದ ಹೆಸರನ್ನು ಬದಲಿಸಲಾಗದು, ರೂಢಿಯೇ ಪ್ರಮಾಣ ಎಂಬುದು ಅವರ ಇನ್ನೊಂದು ಮಾತು. ಆ ಮಾತು ಕರ್ನಲಿಗೆ ಒಪ್ಪುತ್ತದೆ. ಆದರೆ ಕನ್ನಡದಲ್ಲಿ ಈ ಹೆಸರುಗಳಿನ್ನೂ ರೂಢಿಗೊಂಡಿಲ್ಲ. ತಾಳವಾಡಿಯಲ್ಲಿ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿವೆ. ಅಲ್ಲಿ ಓದಿದ ಮಗು ಮುಂದೆ ಗಣಕಶಾಸ್ತ್ರವನ್ನು ಇಂಗ್ಲಿಷಿನಲ್ಲಿಯೇ ಕಲಿಯಬೇಕಾಗುತ್ತದೆ. ಆ ದಾರಿಗೆ ಊರುಗೋಲಾಗಬಲ್ಲ ಕನ್ನಡದ ಬರಹವು ‘ಮಿಡಲ್’ ಎಂಬುದನ್ನು ‘ಮಧ್ಯಮ ಸೂಚಿ’ ಎಂದೂ ‘ಅಪ್ಪರ್’ ಎಂಬುದನ್ನು ‘ಮೇಲಿನ ಸೂಚಿ’ ಎಂದೂ ಅನುವಾದಿಸಿದರೆ, ಇಂಗ್ಲಿಷ್ ಓದುಗನು ಬರಿಯ ಗುರುತೆಂದು ದಾಟಿಹೋಗುವ ಪದವನ್ನು ಕನ್ನಡದ ಓದುಗನು ಅರ್ಥವೆಂದೇ ನಂಬಿ ಎಡವುತ್ತಾನೆ.

ಇದಕ್ಕೆ ಬೇಕಾದ ವಿವೇಚನೆ ಕನ್ನಡ ವಿಭಾಗದ ತರಗತಿಯಲ್ಲಿಯೇ ಇದೆ. ನಾಮಪದಗಳನ್ನು ರೂಢ, ಅಂಕಿತ, ಅನ್ವರ್ಥ ಎಂದು ವಿಂಗಡಿಸುವುದನ್ನು ಪ್ರತಿಯೊಬ್ಬ ವಿದ್ಯಾರ್ಥಿಯೂ ಬಲ್ಲನು. ಕರ್ನಲಿನ ‘ಮಿಡಲ್’ ಹುಟ್ಟುವಾಗ ಅನ್ವರ್ಥನಾಮವಾಗಿತ್ತು; 2005ರ ಬಳಿಕ ಅದು ಅಂಕಿತನಾಮದಂತಾಗಿದೆ. ಅನ್ವರ್ಥವನ್ನು ಅನುವಾದಿಸಬಹುದು, ಅಂಕಿತವನ್ನು ಅನುವಾದಿಸಬಾರದು. ಆದ್ದರಿಂದ ಕನ್ನಡದ ಬರಹಗಳಲ್ಲಿ ‘ಪಿಎಂಡಿ’, ‘ಪಿಯುಡಿ’ ಎಂಬವು ಊರ ಹೆಸರುಗಳಂತೆ ಹಾಗೆಯೇ ನಿಲ್ಲಲಿ. ಅರ್ಥವನ್ನು ಹೇಳಬೇಕಾದಲ್ಲಿ ಪುಟವನ್ನು ಮುಟ್ಟುವ ಕೋಷ್ಟಕವನ್ನು ಮೊದಲ ಹಂತವೆಂದು ಕರೆದು, ಅಲ್ಲಿಂದ ಮೇಲಕ್ಕೆ ಎರಡು, ಮೂರು ಎಂದು ಎಣಿಸುವುದೇ ಸರಿಯಾದ ಕ್ರಮ. ನಾಳೆ ಆರನೆಯ ಹಂತ ಬಂದರೂ ಕೆಳಗಿನ ಐದರ ಸಂಖ್ಯೆ ಬದಲಾಗದು.

ಪಾರಿಭಾಷಿಕ ಪದಗಳ ರಚನೆಯನ್ನು ವಿಜ್ಞಾನದವರ ಕೆಲಸವೆಂದು ಕನ್ನಡ ವಿಭಾಗಗಳು ಬಿಟ್ಟುಕೊಟ್ಟಿರುವುದು ಉಚಿತವಲ್ಲ. ಯಂತ್ರದ ಒಳಗನ್ನು ಬಲ್ಲವರಿಗೆ ಹಂತಗಳೆಷ್ಟೆಂಬುದು ಗೊತ್ತು. ಹೆಸರು ಯಾವಾಗ ಅರ್ಥವನ್ನು ಕಳೆದುಕೊಳ್ಳುತ್ತದೆಂಬುದು ವ್ಯಾಕರಣವನ್ನು ಓದಿದವರಿಗೆ ಗೊತ್ತು. ಗಣಕ ವಿಭಾಗದ ವಿದ್ಯಾರ್ಥಿಯೊಬ್ಬನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹತ್ತು ಪದಗಳ ಒಂದು ಪಟ್ಟಿಯನ್ನು ಸಿದ್ಧಪಡಿಸುವುದು ಈ ವರ್ಷವೇ ಆಗಬಹುದಾದ ಕೆಲಸ.